ಹಾಡು ಕಟ್ಟುವವರು

ಕವಿ ಎಂದರೆ ಬರೆಯುವವನು, ಗಾಯಕನೆಂದರೆ ಹಾಡುವವನು ಎಂದು ನಾವು ವಿದ್ಯಾರ್ಥಿಗಳು ಬಹು ಸುಲಭವಾಗಿ ಭಾಗ ಮಾಡಿಕೊಂಡುಬಿಟ್ಟಿದ್ದೇವೆ. ಪಠ್ಯಪುಸ್ತಕದ ಪದ್ಯಭಾಗದಲ್ಲಿ ದಾಸರ ಒಂದು ಕೀರ್ತನೆ ಅಚ್ಚಾಗಿರುತ್ತದೆ. ಅದರ ಕೆಳಗೆ ಕಠಿಣ ಪದಗಳಿಗೆ ಅರ್ಥ, ಆಮೇಲೆ ಸಂದರ್ಭಸಹಿತ ವಿವರಣೆಯ ಪ್ರಶ್ನೆ. ಅದನ್ನು ಕಟ್ಟಿದವನು ಅದನ್ನು ಮಾತಾಗಿ ಎಂದೂ ಕಂಡಿರಲಿಲ್ಲ, ದನಿಯಾಗಿಯೇ ಕೇಳಿದ್ದ ಎಂಬುದನ್ನು ಪರೀಕ್ಷೆಯ ದೃಷ್ಟಿಯಿಂದ ಯಾರೂ ಕೇಳುವುದಿಲ್ಲ. ಮಾತು, ಧಾಟಿ, ಕಂಠ ಈ ಮೂರನ್ನೂ ತಾನೇ ಒದಗಿಸಿಕೊಂಡು, ಯಾವ ನಾಟಕ ಕಂಪೆನಿಯ ಅಥವಾ ಚಿತ್ರನಿರ್ಮಾಪಕನ ಅಪ್ಪಣೆಗೂ ಕಾಯದೆ ಹಾಡು ಕಟ್ಟುವವರ ಕಸುಬನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ. ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಹಾಡು ಕೇಳುತ್ತ ಬೆಳೆದವನೆಂಬುದೊಂದೇ ನನ್ನ ಅಧಿಕಾರ.

ನಮ್ಮಲ್ಲಿ ಇಂಥವನಿಗೆ ಹಳೆಯ ಹೆಸರೊಂದಿದೆ: ವಾಗ್ಗೇಯಕಾರ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಈ ವಿಷಯವನ್ನು ವಿವರಿಸಿದ್ದಾನೆ. ಹಾಡಿನ ಮಾತಿಗೆ ಅವನು ‘ಮಾತು’ ಎಂದೇ ಕರೆಯುತ್ತಾನೆ. ಸ್ವರರಚನೆಗೆ ‘ಧಾತು’ ಎನ್ನುತ್ತಾನೆ. ಎರಡರಲ್ಲೂ ಸಮರ್ಥನಾದವನು ಉತ್ತಮ. ಧಾತುವಿನಲ್ಲಿ ಗಟ್ಟಿಗ, ಮಾತಿನಲ್ಲಿ ಸಪ್ಪೆಯಾದವನು ಮಧ್ಯಮ. ಮಾತು ಚೆನ್ನಾಗಿದ್ದು ಧಾತು ಬಡವಾದರೆ ಅಧಮ. ಕವಿತೆ ಬರೆಯುವ ನನ್ನ ಮಿತ್ರರಿಗೆ ಈ ಕಡೆಯ ತೀರ್ಪು ಕಹಿಯೆನಿಸೀತು! ಇನ್ನೊಬ್ಬರ ಧಾಟಿಗೆ ತನ್ನ ಮಾತನ್ನು ಹೊಂದಿಸುವವನಿಗೆ ಅವನು ಕೊಟ್ಟ ಹೆಸರು ‘ಕುಟ್ಟಿಕಾರ’. ಈ ಕುಟ್ಟಿಕಾರನ ವಿಚಾರಕ್ಕೆ ಮುಂದೆ ಬರುತ್ತೇನೆ. ಶಾರ್ಙ್ಗದೇವನು ಅವನಿಗೆ ಪೂರ್ತಿ ನ್ಯಾಯ ಮಾಡಲಿಲ್ಲವೆಂದು ನನ್ನ ಭಾವನೆ.

ಹರಿದಾಸರ ಕೀರ್ತನೆಯ ಕಟ್ಟಡವನ್ನು ನೋಡೋಣ. ಮೊದಲು ಪಲ್ಲವಿ, ಬಳಿಕ ಅನುಪಲ್ಲವಿ, ಆಮೇಲೆ ಚರಣಗಳು. ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಮರಳಬೇಕು. ಪುಸ್ತಕದಲ್ಲಿ ಓದುವವನಿಗೆ ಈ ಪುನರಾವರ್ತನೆ ಬೇಸರ ತರಿಸುತ್ತದೆ. ಆದರೆ ಬೀದಿಯಲ್ಲಿ ತಂಬೂರಿ ಹಿಡಿದು ಹೋಗುವ ದಾಸರ ಹಾಡನ್ನು ಬಾಗಿಲಲ್ಲಿ ನಿಂತು ಕೇಳುವ ಹೆಂಗಸಿಗೆ ಪುಸ್ತಕವಿಲ್ಲ. ಹಿಂದಿನ ಪುಟಕ್ಕೆ ಹೋಗಿ ನೋಡುವ ಸೌಕರ್ಯವಿಲ್ಲ. ಒಮ್ಮೆ ಕೇಳಿದೊಡನೆ ಹಿಡಿಸಬೇಕಾದದ್ದು ಪಲ್ಲವಿ. ಕಥೆಯನ್ನೋ ತರ್ಕವನ್ನೋ ಮುಂದಕ್ಕೆ ಒಯ್ಯುವ ಕೆಲಸ ಚರಣದ್ದು. ಸಾಲುಸಾಲಿಗೂ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಅಲಂಕಾರಕ್ಕಾಗಿ ಮಾತ್ರ ಇರುವುದಲ್ಲ, ಅದು ನೆನಪಿನ ಗೂಟ. ಒಂದು ಸಾಲು ಮರೆತರೆ ಪ್ರಾಸವೇ ಅದನ್ನು ಎಳೆದು ತರುತ್ತದೆ. ಓಲೆಯಿಲ್ಲದೆ ನೂರಾರು ವರ್ಷ ಬಾಯಿಂದ ಬಾಯಿಗೆ ಹಾಡು ದಾಟಿಬಂದದ್ದು ಈ ಗೂಟಗಳ ಬಲದಿಂದ.

ಕೊನೆಯ ಚರಣದಲ್ಲಿ ಅಂಕಿತ. ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಇಷ್ಟದೇವತೆಯ ಹೆಸರೇ ಹಾಡು ಕಟ್ಟಿದವನ ರುಜು. ಅಹಂಕಾರವನ್ನು ದೇವರಿಗೆ ಒಪ್ಪಿಸಿದಂತೆಯೂ ಆಯಿತು, ಹಾಡು ಯಾರದೆಂದು ಗುರುತು ಉಳಿದಂತೆಯೂ ಆಯಿತು, ಎಂಥ ಜಾಣತನ! 1564ರಲ್ಲಿ ತೀರಿಕೊಂಡರೆಂದು ಹೇಳಲಾಗುವ ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಹಾಡುಗಳನ್ನು ಕಟ್ಟಿದರೆಂಬುದು ಸಂಪ್ರದಾಯದ ಮಾತು. ಇಂದು ದೊರೆಯುವುದು ಒಂದು ಸಾವಿರದ ಆಸುಪಾಸು. ಲಕ್ಷದ ಲೆಕ್ಕವನ್ನು ನಂಬಲೇಬೇಕೆಂದಿಲ್ಲ. ಆದರೆ ಕಳೆದುಹೋದದ್ದು ಬಹಳ ಎಂಬುದಂತೂ ನಿಜವಾಗಿರಬೇಕು.

ಇನ್ನು ಶಿಶುನಾಳ ಶರೀಫ ಸಾಹೇಬರು. ಇವರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಾಳದಲ್ಲಿ ಹುಟ್ಟಿದ ಇವರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು, 1889ರಲ್ಲಿ ತೀರಿಕೊಂಡರು. ಮೊಹರಮ್ಮಿನ ರಿವಾಯತ್ ಪದಗಳಿಂದ ಹಿಡಿದು ತತ್ತ್ವಪದಗಳವರೆಗೆ ಅವರ ಬಾಯಲ್ಲಿ ಹಾಡಾಗದ ವಸ್ತುವಿರಲಿಲ್ಲ. ಅವರು ಹಾಡು ಕಟ್ಟುವ ಬಗೆಯನ್ನು ಗಮನಿಸಿ. ಮೊದಲು ಕಣ್ಣೆದುರಿನ ವಸ್ತುವೊಂದನ್ನು ಹಿಡಿಯುತ್ತಾರೆ: ಸೋರುವ ಮಾಳಿಗೆ, ಬೀಳುವಂತಿರುವ ಮುದುಕಿ, ಹುಬ್ಬಳ್ಳಿಯಲ್ಲಿ ಹೊಸದಾಗಿ ಬಂದ ಗಿರಣಿ. ಅದನ್ನು ಅದಾಗಿಯೇ ಸಾಂಗವಾಗಿ ವರ್ಣಿಸುತ್ತಾರೆ; ಒಳಗಿನ ಅರ್ಥವನ್ನು ಬಿಚ್ಚಿ ಹೇಳುವ ಅವಸರವಿಲ್ಲ. ದೇಹ ನಶ್ವರವೆಂದು ನೇರವಾಗಿ ಹಾಡಿದ್ದರೆ ಸಂತೆಯಲ್ಲಿ ನಿಂತು ಕೇಳುವವರು ಯಾರು? ಮನೆ ಸೋರುತ್ತಿದೆ ಎಂದರೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ಏಕೆಂದರೆ ಎಲ್ಲರ ಮನೆಯೂ ಸೋರುತ್ತದೆ. ಮಳೆಗಾಲದಲ್ಲಿ ಸೋರುವ ಜಾಗಕ್ಕೆಲ್ಲ ಪಾತ್ರೆಯಿಟ್ಟು ಮಲಗಿದವರಿಗೆ ಆ ಹಾಡಿಗೆ ಟಿಪ್ಪಣಿ ಬೇಕಾಗಿಲ್ಲ. ಇನ್ನು ಸಣ್ಣದು ದೊಡ್ಡದನ್ನು ನುಂಗುವ ಒಗಟಿನಂಥ ಪದಗಳಲ್ಲಿ ಮಕ್ಕಳು ನಗುತ್ತಾರೆ, ಹಿರಿಯರು ತಲೆ ಕೆರೆದುಕೊಳ್ಳುತ್ತಾರೆ. ಇಬ್ಬರೂ ಹಾಡನ್ನು ಮರೆಯುವುದಿಲ್ಲ. ಭಾಷೆಯೋ ಧಾರವಾಡದ ಕಡೆಯ ಆಡುಮಾತು. ವ್ಯಾಕರಣದ ಮಾಸ್ತರರು ತಿದ್ದಲು ಕುಳಿತರೆ ಹಾಡು ಸತ್ತೇ ಹೋದೀತು.

ಶರೀಫರ ಹಾಡುಗಳು ಭಜನೆಯ ಮೇಳಗಳಲ್ಲಿ ಉಳಿದಿದ್ದವು. ನಗರದವರ ಕಿವಿಗೆ ಅವು ಬಿದ್ದದ್ದು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರ ಕಂಠದಿಂದ, ಮತ್ತು 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಲನಚಿತ್ರದಿಂದ. ಇಲ್ಲೊಂದು ಮಾತನ್ನು ಹೇಳದೆ ವಿಧಿಯಿಲ್ಲ. ನಾವು ಇಂದು ‘ಶರೀಫರ ಹಾಡು’ ಎಂದು ಗುನುಗುವಾಗ ಮಾತು ಶರೀಫರದು, ಧಾಟಿ ಅನೇಕ ಸಲ ಅಶ್ವತ್ಥರದು. ಭಾವಗೀತೆಯ ದಾರಿಯೂ ಇದೇ. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ಮಾತು ನಿಸಾರ್ ಅಹಮದರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಇದರಿಂದ ಹಾಡುಗಳಿಗೆ ಸೊಗಸು ಬಂದಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಟ್ಟಿದವನ ಕಂಠದಲ್ಲಿ ಅದು ಹೇಗಿತ್ತೋ ಎಂಬ ಹಂಬಲ ನನ್ನನ್ನು ಬಿಟ್ಟಿಲ್ಲ.

ಆ ಹಂಬಲ ತೀರುವಂತೆ ಧ್ವನಿಮುದ್ರಣದ ಕಾಲದಲ್ಲಿ ಬದುಕಿದವನೊಬ್ಬನಿದ್ದಾನೆ: ಅಮೆರಿಕದ ವುಡಿ ಗತ್ರಿ. 1912ರಲ್ಲಿ ಓಕ್ಲಹೋಮ ಸಂಸ್ಥಾನದಲ್ಲಿ ಹುಟ್ಟಿದ. 1930ರ ದಶಕದಲ್ಲಿ ಮಳೆ ಕೈಕೊಟ್ಟು, ಉತ್ತು ಸಡಿಲವಾದ ಮಣ್ಣು ಧೂಳಿನ ಬಿರುಗಾಳಿಯಾಗಿ ಎದ್ದು, ರೈತರು ಮನೆ ಮಠ ಬಿಟ್ಟು ಕ್ಯಾಲಿಫೋರ್ನಿಯಾದ ಕಡೆಗೆ ಗುಳೆ ಹೋದರು. (ಗುಳೆ ಎಂಬ ಮಾತಿನ ಅರ್ಥವನ್ನು ನಮ್ಮ ಬಯಲುಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.) ಗತ್ರಿ ಅವರೊಡನೆ ನಡೆದ, ಅವರ ಶಿಬಿರಗಳಲ್ಲಿ ಹಾಡಿದ. 1940ರಲ್ಲಿ ಆ ಧೂಳಿನ ಹಾಡುಗಳು ತಟ್ಟೆಗಳಾಗಿ ಹೊರಬಂದವು. ಅದೇ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಕುಳಿತು, ರೇಡಿಯೋದಲ್ಲಿ ಎಡೆಬಿಡದೆ ಬರುತ್ತಿದ್ದ ದೇಶಸ್ತುತಿಯೊಂದರಿಂದ ರೇಗಿ, ಈ ನೆಲ ನಮ್ಮೆಲ್ಲರದು ಎಂಬ ಭಾವದ ಹಾಡನ್ನು ಅವನು ಬರೆದ. ಇಂದು ಅಲ್ಲಿನ ಶಾಲಾಮಕ್ಕಳೆಲ್ಲರಿಗೂ ಅದು ಗೊತ್ತು.

ಅದರ ಧಾಟಿ ಅವನದಲ್ಲ! ಕಾರ್ಟರ್ ಮನೆತನದವರು ಹಾಡುತ್ತಿದ್ದ ಭಕ್ತಿಗೀತೆಯ ಧಾಟಿಯನ್ನೇ ಅವನು ಹಿಡಿದಿದ್ದ. ಅವನ ಬಹಳಷ್ಟು ಹಾಡುಗಳ ಕಥೆ ಇದೇ. ಶಾರ್ಙ್ಗದೇವನ ಲೆಕ್ಕದಲ್ಲಿ ಗತ್ರಿ ಬರಿಯ ಕುಟ್ಟಿಕಾರ. ಆದರೆ ಯೋಚಿಸಿ ನೋಡಿದರೆ ಇದೂ ಒಂದು ಉಪಾಯವೇ. ಕೇಳುವವರಿಗೆ ಧಾಟಿ ಮೊದಲೇ ಪರಿಚಿತ. ಎರಡನೆಯ ಸಾಲಿಗೇ ಅವರೂ ದನಿಗೂಡಿಸಬಲ್ಲರು. ಕಿವಿಯೆಲ್ಲ ಹೊಸ ಮಾತಿನ ಮೇಲೆ ನಿಲ್ಲುತ್ತದೆ. ನಮ್ಮ ಗೀಗೀ ಪದದವರೂ ಇದನ್ನೇ ಮಾಡುತ್ತಾರೆ. ಡಪ್ಪು, ತುಂತುಣಿ, ತಾಳ, ಹಿಂದಿನವರ ಗೀಗೀ ಎಂಬ ಸೊಲ್ಲು, ಹಳೆಯ ಮಟ್ಟು. ಮಾತು ಮಾತ್ರ ಅಂದಂದಿನದು. ಸ್ವಾತಂತ್ರ್ಯ ಚಳವಳಿಯ ಸುದ್ದಿ ಓದುಬಾರದ ಹಳ್ಳಿಗಳಿಗೆ ಮುಟ್ಟಿದ್ದು ಇಂಥ ಹಳೆಯ ಮಟ್ಟುಗಳ ಬೆನ್ನೇರಿ.

ಗತ್ರಿಯ ಆ ಹಾಡಿನಲ್ಲಿ ಇನ್ನೆರಡು ನುಡಿಗಳಿವೆ. ಒಂದರಲ್ಲಿ ಖಾಸಗಿ ಜಮೀನಿನ ಬೇಲಿಯ ಫಲಕ. ಇನ್ನೊಂದರಲ್ಲಿ ಪರಿಹಾರ ಕಚೇರಿಯ ಮುಂದೆ ಹಸಿದು ನಿಂತ ಜನ. ಶಾಲೆಗಳಲ್ಲಿ ಹಾಡುವ ಪಾಠದಿಂದ ಈ ನುಡಿಗಳು ಬಿಟ್ಟುಹೋದವು. ಉಳಿದದ್ದು ನದಿ ಬೆಟ್ಟಗಳ ಅಂದದ ಹಾಡು. ಗತ್ರಿಯ ಗೆಳೆಯ ಪೀಟ್ ಸೀಗರ್ ತನ್ನ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, 2009ರ ಜನವರಿಯಲ್ಲಿ, ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಲಕ್ಷಾಂತರ ಜನರೆದುರಿಗೆ ಆ ನುಡಿಗಳನ್ನೂ ಸೇರಿಸಿಯೇ ಹಾಡಿಸಿದ.

ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ದಾಸರಿಗೆ ಭಿಕ್ಷಾನ್ನವಿತ್ತು. ಗತ್ರಿಯನ್ನು 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ ಇಲಾಖೆ ಒಂದು ತಿಂಗಳಿಗೆ ಗೊತ್ತುಮಾಡಿತು: ಸಂಬಳ 266 ಡಾಲರ್ 66 ಸೆಂಟ್, ಅವನು ಕಟ್ಟಿದ ಹಾಡು 26. ಸರ್ಕಾರದ ಸಂಬಳಕ್ಕೆ ಕಟ್ಟಿದವನು ಸ್ವತಂತ್ರನೆ ಎಂದು ನಮ್ಮ ಚರ್ಚಾಕೂಟದ ಮಿತ್ರರು ಕೇಳಿಯಾರು. ಆ ತಿಂಗಳ ಹಾಡುಗಳಲ್ಲಿ ಕೆಲವು ಅವನ ಅತ್ಯುತ್ತಮ ಹಾಡುಗಳ ಸಾಲಿನಲ್ಲಿವೆ ಎಂಬುದೇ ನನ್ನ ಉತ್ತರ. ಅಣೆಕಟ್ಟಿನಿಂದ ಬಡ ರೈತನಿಗೆ ನೀರು ದೀಪ ಬರುವುದೆಂದು ಅವನು ನಿಜವಾಗಿಯೂ ನಂಬಿದ್ದ.

ಇನ್ನು ಹಾಡಿಗೆ ಎಷ್ಟು ಕಾಲ ಬೇಕು? ಕೆನಡಾದ ಲಿಯೊನಾರ್ಡ್ ಕೋಹೆನ್ ಒಂದೇ ಹಾಡಿಗೆ ವರ್ಷಗಟ್ಟಲೆ ತಿಣುಕಿ, ಹತ್ತಾರು ನುಡಿಗಳನ್ನು ಬರೆದು ಹರಿದು, 1984ರಲ್ಲಿ ಅದನ್ನು ಹೊರತಂದ. ಗತ್ರಿಯನ್ನು ಆಸ್ಪತ್ರೆಯಲ್ಲಿ ಕಂಡು ಶಿಷ್ಯನಂತಾದ ಬಾಬ್ ಡಿಲನ್ ತನ್ನದೊಂದು ಹಾಡು ಕಾಲುಗಂಟೆಯಲ್ಲಿ ಆಯಿತೆಂದು ಕೋಹೆನ್‌ಗೆ ಹೇಳಿದನಂತೆ. ಈ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ, ಹಾಡು ಸಾಹಿತ್ಯವೆ ಎಂದು ದೊಡ್ಡ ಗಲಾಟೆಯೇ ಆಯಿತು. 1913ರಲ್ಲಿ ಅದೇ ಬಹುಮಾನ ಪಡೆದ ರವೀಂದ್ರರು ಎರಡು ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಮಾತನ್ನೂ ಧಾಟಿಯನ್ನೂ ತಾವೇ ಕಟ್ಟಿದ್ದರೆಂಬುದನ್ನು ಗಲಾಟೆ ಮಾಡಿದವರು ಮರೆತಿದ್ದರೆಂದು ತೋರುತ್ತದೆ.

ನನ್ನ ತಾಯಿಗೆ ಓದುಬರಹ ಬಾರದು. ಆದರೂ ಬೀಸುಕಲ್ಲಿನ ಮುಂದೆ ಕಲಿತ ತ್ರಿಪದಿಗಳನ್ನು ಹಾಡುತ್ತಾರೆ. ಕೆಲವನ್ನು ಸ್ವತಃ ಕಟ್ಟಿದ್ದಾರೆ. ತ್ರಿಪದಿಗೆ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ನಾನು ಎರಡನೆಯ ವರ್ಷದಲ್ಲಿ ಛಂದಸ್ಸು ಕಲಿತು ಬಂದು ಅವರ ಪದಗಳನ್ನು ಎಣಿಸಿ ನೋಡಿದೆ. ಎಲ್ಲಿಯೂ ತಪ್ಪಿಲ್ಲ. ಯಾವುದು ನಿನ್ನದು, ಯಾವುದು ಅಜ್ಜಿಯದು ಎಂದು ಕೇಳಿದರೆ, ‘ಪದಕ್ಕ ಯಾರ ಹೆಸರು ಬರಕೊಂಡಿರತಾರೋ ತಮ್ಮಾ?’ ಎನ್ನುತ್ತಾರೆ. ತ್ರಿಪದಿಯಲ್ಲಿ ಅಂಕಿತಕ್ಕೆ ಜಾಗವಿಲ್ಲ. ಇದನ್ನು ಜಾನಪದದ ಹಿರಿಮೆಯೆಂದು ವಿದ್ವಾಂಸರು ಕೊಂಡಾಡುತ್ತಾರೆ. ನನಗೆ ಅಷ್ಟು ಸುಲಭವಾಗಿ ಕೊಂಡಾಡಲು ಮನಸ್ಸು ಬರುವುದಿಲ್ಲ. ಹೆಸರು ಬೇಡವೆಂದು ಬಿಟ್ಟವರು ಬೇರೆ. ಹೆಸರು ಬರೆಯಲು ಯಾರೂ ಕಲಿಸದವರು ಬೇರೆ.

ದಕ್ಷಿಣ ಆಫ್ರಿಕದ ಸಾಲಮನ್ ಲಿಂಡಾ ಎಂಬ ಜುಲು ಹಾಡುಗಾರನೂ ಓದು ಬರಹ ಅರಿಯದವನು. 1939ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸಿಂಹವನ್ನು ಕುರಿತ ತನ್ನ ಹಾಡನ್ನು ಮುದ್ರಿಸಿದ. ಅದರ ಹಕ್ಕು ಹತ್ತು ಷಿಲಿಂಗಿಗೆ ಹೋಯಿತು. ಸೀಗರನ ಮೇಳದವರ ಮೂಲಕ ಅದು ಅಮೆರಿಕಕ್ಕೆ ದಾಟಿ, 1961ರಲ್ಲಿ ಇಂಗ್ಲಿಷ್ ಮಾತು ತೊಟ್ಟು ಲೋಕವನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡತನದಲ್ಲಿಯೇ ಸತ್ತ. ಅವನ ಹೆಣ್ಣುಮಕ್ಕಳು ದಾವೆ ಹೂಡಿ, 2006ರಲ್ಲಿ ರಾಜಿಯಾಗಿ, ಹಣದಲ್ಲಿ ಪಾಲೂ ಹಾಡಿನ ಮೇಲೆ ಅಪ್ಪನ ಹೆಸರೂ ದೊರೆತವು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆಂದು 57ನೆಯ ಕಲಮು ಹೇಳುತ್ತದೆ. ಅಂಕಿತವನ್ನು ಅಳಿಸಬಾರದೆಂದೇ ಇದರ ತಾತ್ಪರ್ಯ. ಕರ್ತೃವಿನ ಆಯುಷ್ಯ ಮತ್ತು ಅನಂತರದ ಅರುವತ್ತು ವರ್ಷ ಸ್ವಾಮ್ಯ ಇರುತ್ತದೆ. 2012ರ ತಿದ್ದುಪಡಿಯಿಂದ, ಚಿತ್ರಗೀತೆ ಮತ್ತು ಧ್ವನಿಮುದ್ರಣಗಳಲ್ಲಿ ಮಾತು ಬರೆದವನಿಗೂ ಸಂಗೀತ ಕೊಟ್ಟವನಿಗೂ ಗೌರವಧನದ ಪಾಲು ಬಿಟ್ಟುಕೊಡಲಾಗದ ಹಕ್ಕಾಯಿತು. ಕಾಯಿದೆ ಒಳ್ಳೆಯದೇ. ಅದನ್ನು ಹಳ್ಳಿಗೆ ಹೊತ್ತು ತರುವವರು ಬೇಕು.

ಇದನ್ನು ಹೇಳಲು ಕಾರಣವಿದೆ. ನಮ್ಮ ಸೀಮೆಯ ಹಿರಿಯ ಗೀಗೀ ಪದಕಾರರೊಬ್ಬರ ಹಾಡುಗಳನ್ನು ಬಹಳ ಹಿಂದೆ ಕ್ಯಾಸೆಟ್ ಮಾಡುವವರು ಬಂದು ಮುದ್ರಿಸಿಕೊಂಡು ಹೋದರು. ಒಮ್ಮೆಗೆ ಇಷ್ಟು ಎಂದು ಕೈಗೆ ಹಣ ಕೊಟ್ಟು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಗೀಗೀ ಪದದ ಕಡೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಬರುವುದು ರೂಢಿ. ಕ್ಯಾಸೆಟ್ಟಿನ ಉದ್ದಕ್ಕೆ ಹಾಡು ಹೆಚ್ಚಾಯಿತೆಂದು ಕಡೆಯ ನುಡಿಯನ್ನೇ ಕತ್ತರಿಸಿದರು. ಹೊದಿಕೆಯ ಮೇಲೆಯೂ ಹೆಸರಿಲ್ಲ. ಈಗ ಆ ಹಾಡುಗಳು ಮೊಬೈಲುಗಳಲ್ಲಿ ಹರಿದಾಡುತ್ತಿವೆ. ಜಾತ್ರೆಯಲ್ಲಿ ಹುಡುಗರು ಅವನ್ನು ಹಳೆಯ ಜನಪದ ಗೀತೆಯೆಂದು ಹೇಳಿ ಹಾಡುತ್ತಾರೆ. ಅಜ್ಜನವರಿಗೆ ಹಣದ ಮಾತು ನೆನಪೇ ಇಲ್ಲ. ‘ಊರ ಹೆಸರು ತಗದರಲ್ಲಾ’ ಎಂಬುದೊಂದನ್ನು ಮಾತ್ರ ಎರಡು ಮೂರು ಸಲ ಹೇಳಿದರು.

ಕಳೆದ ಬೇಸಗೆಯ ರಜೆಯಲ್ಲಿ ಅವರ ಬಾಯಿಂದ ಇಪ್ಪತ್ತೆರಡು ಪದಗಳನ್ನು ಬರೆದುಕೊಂಡಿದ್ದೇನೆ. ಕಡೆಯ ನುಡಿಗಳೆಲ್ಲ ಸೇರಿವೆ. ಮೂರು ಪದಗಳಲ್ಲಿ ನಡುವಿನ ನುಡಿಗಳು ಅವರಿಗೇ ಮರೆತುಹೋಗಿವೆ, ಅಲ್ಲಿ ಖಾಲಿ ಸಾಲು ಬಿಟ್ಟಿದ್ದೇನೆ. ಮಟ್ಟು ಯಾವುದೆಂದು ಪ್ರತಿ ಪದದ ತಲೆಯಲ್ಲಿ ಗುರುತು ಹಾಕಿದೆ. ತಾಯಿಯ ತ್ರಿಪದಿಗಳು ಬೇರೆ ಪುಸ್ತಕದಲ್ಲಿವೆ. ಅವರು ತಮ್ಮವೆಂದು ಒಪ್ಪಿಕೊಂಡ ಹದಿನಾಲ್ಕರ ಕೆಳಗೆ ಅವರ ಹೆಸರನ್ನು ಬರೆದಿದ್ದೇನೆ. ಎರಡು ಪುಸ್ತಕಗಳೂ ಈಗ ನಮ್ಮ ಕಾಲೇಜಿನ ಕನ್ನಡ ವಿಭಾಗದ ಬೀರುವಿನಲ್ಲಿವೆ. ಆ ಮೂರು ಪದಗಳ ಮರೆತ ನುಡಿಗಳು ಯಾರ ಮನೆಯ ಹಿರಿಯರಿಗಾದರೂ ಬರುತ್ತಿದ್ದರೆ, ಖಾಲಿ ಸಾಲುಗಳಲ್ಲಿ ಬರೆದು ಹೋಗಬಹುದು.