ಕಿವಿಯಲ್ಲಿ ಕಚ್ಚು ಇರುವ ನಾಯಿ

ಮಕ್ಕಳೇ, ನಾಳೆ ಶಾಲೆಗೆ ಬರುವಾಗ ದಾರಿಯಲ್ಲಿ ಸಿಗುವ ಬೀದಿ ನಾಯಿಗಳ ಕಿವಿಯನ್ನು ಒಮ್ಮೆ ನೋಡಿ. ಹತ್ತಿರ ಹೋಗಬೇಡಿ, ರಸ್ತೆಯ ಈಚೆ ಬದಿಯಿಂದ ನೋಡಿದರೆ ಸಾಕು. ಕೆಲವು ನಾಯಿಗಳ ಒಂದು ಕಿವಿಯ ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಕಾಣಿಸುತ್ತದೆ. ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಕತ್ತರಿಸಿದಂತಿರುತ್ತದೆ. ಇನ್ನು ಕೆಲವಕ್ಕೆ ಕಿವಿಯ ತುದಿಯನ್ನೇ ನೇರವಾಗಿ ಕತ್ತರಿಸಿರುತ್ತಾರೆ. ಜಗಳವಾಡಿ ಹರಿದುಕೊಂಡ ಕಿವಿ ಹೀಗಿರುವುದಿಲ್ಲ, ಅದು ಚಿಂದಿಯಾಗಿರುತ್ತದೆ. ಈ ಕಚ್ಚು ಅಚ್ಚುಕಟ್ಟಾಗಿರುತ್ತದೆ, ಏಕೆಂದರೆ ಅದನ್ನು ಮಾಡಿದವರು ಪಶುವೈದ್ಯರು. 'ಈ ನಾಯಿಗೆ ಇನ್ನು ಮರಿಗಳಾಗುವುದಿಲ್ಲ, ಇದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿದೆ' ಎಂದು ಅದರ ಅರ್ಥ.

ಚೀಟಿ ಕಟ್ಟಿದರೆ ನಾಯಿ ಕಚ್ಚಿ ಹರಿಯುತ್ತದೆ. ಬಣ್ಣ ಬಳಿದರೆ ನಮ್ಮ ಮಳೆಗೆ ನಿಲ್ಲುವುದುಂಟೇ? ಅದಕ್ಕಾಗಿ ಕಿವಿಯಲ್ಲೇ ಗುರುತು. ನಾಯಿಗೆ ಪ್ರಜ್ಞೆ ತಪ್ಪಿಸಿದಾಗಲೇ ಕತ್ತರಿಸುವುದರಿಂದ ಅದಕ್ಕೆ ಆಗ ನೋವು ತಿಳಿಯುವುದಿಲ್ಲ.

ಈ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಬೀದಿ ನಾಯಿಗಳ ಹೊಣೆ ಗ್ರಾಮ ಪಂಚಾಯತ್, ಪಟ್ಟಣ ಪಂಚಾಯತ್, ಪುರಸಭೆಗಳದ್ದು. ಅವರು ಈ ಕೆಲಸ ಬಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮನ್ನಣೆ ಪಡೆದ ಸಂಸ್ಥೆಯೊಂದನ್ನು ಕರೆಸುತ್ತಾರೆ. ಅಂಗಡಿ ಬಾಗಿಲು ತೆರೆಯುವ ಮೊದಲೇ ಬಲೆ ಹಿಡಿದ ತಂಡ ಬರುತ್ತದೆ. ಮೀನಿನ ಬಲೆಯಂಥದ್ದೇ, ಆದರೆ ಉದ್ದ ಹಿಡಿ ಇರುತ್ತದೆ. ನಾಯಿಯನ್ನು ಹಿಡಿದ ಕೂಡಲೇ ಎಲ್ಲಿ ಹಿಡಿದದ್ದು ಎಂದು ಬರೆದುಕೊಳ್ಳುತ್ತಾರೆ. ಬಾರ್ಕೂರಿನಲ್ಲಿ ಹಿಡಿದದ್ದನ್ನು ಸಾಸ್ತಾನದಲ್ಲಿ ಬಿಟ್ಟರೆ ಅದು ತಪ್ಪು. ಶಸ್ತ್ರಚಿಕಿತ್ಸೆಗೆ ಮೊದಲು ನಾಯಿಗೆ ಊಟವಿಲ್ಲ. ಆಸ್ಪತ್ರೆಯಲ್ಲಿ ಮನುಷ್ಯರಿಗೂ ಹಾಗೆಯೇ ಅಲ್ಲವೇ? ಹೆಣ್ಣು ನಾಯಿಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಗಂಡಿನ ವೃಷಣಗಳನ್ನು ತೆಗೆಯುತ್ತಾರೆ. ಲಸಿಕೆ ಹಾಕುತ್ತಾರೆ. ಹೊಲಿಗೆ ಒಣಗಲು ನಾಲ್ಕೈದು ದಿನ ಗೂಡಿನಲ್ಲಿ ಇಟ್ಟುಕೊಂಡು ಹಿಡಿದ ಜಾಗದಲ್ಲೇ ಬಿಡುತ್ತಾರೆ. 2001ರಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮಗಳನ್ನು ಮಾಡಿತು. 2023ರಲ್ಲಿ ಅವನ್ನು ಬದಲಿಸಿ ಹೊಸ ನಿಯಮಗಳನ್ನು ತಂದಿತು.

'ಹಿಡಿದ ಮೇಲೆ ಮತ್ತೆ ಅಲ್ಲೇ ಬಿಡುವುದು ಏಕೆ ಸಾರ್?' ನಾನು ಹೋದ ಶಾಲೆಗಳಲ್ಲೆಲ್ಲ ಈ ಪ್ರಶ್ನೆ ಬಂದಿದೆ. ಒಳ್ಳೆಯ ಪ್ರಶ್ನೆ. ನಾಯಿಗಳು ತಮ್ಮ ಬೀದಿಯನ್ನು ಕಾಯುತ್ತವೆ, ಹೊರಗಿನ ನಾಯಿಯನ್ನು ಒಳಗೆ ಬಿಡುವುದಿಲ್ಲ. ಒಂದು ಬೀದಿಯ ನಾಯಿಗಳನ್ನೆಲ್ಲ ಒಯ್ದರೂ ಅಲ್ಲಿ ಅವುಗಳಿಗೆ ಸಿಗುತ್ತಿದ್ದ ತಿನಿಸು ಹಾಗೆಯೇ ಉಳಿಯುತ್ತದೆ. ಕೋಳಿ ಅಂಗಡಿಯ ಹಿಂದಿನ ರಾಶಿ, ಮೀನು ಮಾರ್ಕೆಟ್ಟಿನ ತಲೆ-ಬಾಲ, ಮದುವೆ ಹಾಲಿನ ಎಲೆ ಎಲ್ಲವೂ ಅಲ್ಲೇ ಇರುತ್ತವೆ. ಕೆಲವೇ ದಿನಗಳಲ್ಲಿ ಪಕ್ಕದ ಬೀದಿಯ ನಾಯಿಗಳು ಬರುತ್ತವೆ. ಅವಕ್ಕೆ ಲಸಿಕೆ ಆಗಿರುವುದಿಲ್ಲ, ಮರಿಗಳೂ ಆಗುತ್ತವೆ. ಹಿಂದೆ ಅನೇಕ ಊರುಗಳಲ್ಲಿ ನಾಯಿಗಳನ್ನು ಕೊಲ್ಲಿಸುತ್ತಿದ್ದರು. ಎಷ್ಟು ವರ್ಷ ಕೊಲ್ಲಿಸಿದರೂ ನಾಯಿಗಳೂ ಕಡಿಮೆಯಾಗಲಿಲ್ಲ, ರೋಗವೂ ಹೋಗಲಿಲ್ಲ.

ಹಾಗಾದರೆ ತಿನಿಸನ್ನೇ ಕಡಿಮೆ ಮಾಡಿದರೆ? ಅದು ನಾಯಿ ಹಿಡಿಯುವಷ್ಟೇ ಮುಖ್ಯ. ಕುಂದಾಪುರದಾಚೆಯ ವಂಡ್ಸೆ ಗ್ರಾಮ ಪಂಚಾಯತ್ ಮನೆ ಮನೆಯಿಂದ ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ತಂದು ಬಳಸುವ ಘಟಕ ನಡೆಸಿ ಹೆಸರಾಯಿತು. ನಮ್ಮ ಜಿಲ್ಲೆಯ ಬೇರೆ ಪಂಚಾಯತ್‌ಗಳೂ ಅದೇ ದಾರಿ ಹಿಡಿದವು. ಅದನ್ನು ಯಾರೂ ನಾಯಿಗಳಿಗಾಗಿ ಮಾಡಿದ್ದಲ್ಲ. ಆದರೂ ರಸ್ತೆ ಬದಿಯ ಕಸದ ರಾಶಿ ಹೋದರೆ ಅಲ್ಲಿ ಬದುಕಬಲ್ಲ ನಾಯಿಗಳ ಸಂಖ್ಯೆಯೂ ಇಳಿಯುತ್ತದೆ.

ಅದೇ ಜಾಗದಲ್ಲಿ ಬಿಡುವ ನಿಯಮಕ್ಕೆ ಈಗ ಒಂದು ಅಪವಾದ ಇದೆ, ಅದು ನಿಮ್ಮ ಶಾಲೆಗೇ ಸಂಬಂಧಿಸಿದ್ದು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಸ್ಥಳಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ತಂದು ಬಿಡದೆ ಆಶ್ರಯತಾಣಕ್ಕೆ ಸಾಗಿಸಬೇಕೆಂದು ಆದೇಶಿಸಿತು. ಮಕ್ಕಳೂ ರೋಗಿಗಳೂ ಇರುವ ಜಾಗಗಳಲ್ಲವೇ ಇವು!

ಆಶ್ರಯತಾಣವೆಂದರೆ ನಾಯಿಗಳನ್ನು ತುಂಬಿಡುವ ಗೋದಾಮು ಅಲ್ಲ. ನಮಗೆ ಹತ್ತಿರದಲ್ಲಿ ಮಲ್ಪೆಯ ಮಧ್ವರಾಜ್ ಅನಿಮಲ್ ಕೇರ್ ಟ್ರಸ್ಟ್ ಬೀದಿ ನಾಯಿಗಳಿಗೆ ಆಶ್ರಯ ಕೊಡುತ್ತದೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಹೆದ್ದಾರಿಯಲ್ಲಿ ವಾಹನ ಬಡಿದು ಕಾಲು ಮುರಿದ ನಾಯಿ, ತಾಯಿ ಸತ್ತ ಮರಿ, ಹೊಲಿಗೆ ಒಣಗದ ನಾಯಿ, ಕಣ್ಣು ಕಾಣದ ಮುದಿ ನಾಯಿ ಇಂಥವಕ್ಕೆ ಆಶ್ರಯತಾಣ ಬೇಕು. ಯಾರನ್ನೋ ಕಚ್ಚಿದ ನಾಯಿಯನ್ನು ಪ್ರತ್ಯೇಕ ಗೂಡಿನಲ್ಲಿಟ್ಟು 10 ದಿನ ನೋಡುವ ಕ್ರಮವೂ ಇದೆ. ಏಕೆ 10 ದಿನ? ರೇಬೀಸ್ ವೈರಸ್ ನಾಯಿಯ ಮೆದುಳನ್ನು ತಲುಪಿದ ಮೇಲೆ ಜೊಲ್ಲಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ವೈರಸ್ ಇರುವ ನಾಯಿ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ಸಾಯುತ್ತದೆ. 10 ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದಾಯಿತು. ಆದರೆ ಕಚ್ಚಿಸಿಕೊಂಡವರು 10 ದಿನ ಕಾಯಬಾರದು, ಅದೇ ದಿನ ಲಸಿಕೆ ಪಡೆಯಬೇಕು.

ರೇಬೀಸ್ ಎಷ್ಟು ಕೆಟ್ಟ ರೋಗವೆಂದರೆ, ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ನೀರು ಕುಡಿಯಲು ಹೋದರೆ ಗಂಟಲು ಸೆಟೆದುಕೊಳ್ಳುತ್ತದೆ. ಅದಕ್ಕೇ ಜಲಭೀತಿ ಎಂಬ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಈ ರೋಗದಿಂದ ಸಾಯುತ್ತಾರೆ. ಅವರಲ್ಲಿ 100ಕ್ಕೆ 40 ಮಂದಿ 15 ವರ್ಷದೊಳಗಿನವರು, ಅಂದರೆ ನಿಮ್ಮ ವಯಸ್ಸಿನವರು ಮತ್ತು ನಿಮ್ಮ ತಮ್ಮ ತಂಗಿಯರು. ಗಾಯದಿಂದ ಒಳಹೊಕ್ಕ ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರಗಳ ಗುಂಟ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಮುಖಕ್ಕೆ, ತಲೆಗೆ ಕಚ್ಚಿದರೆ ದಾರಿ ಹತ್ತಿರ, ಬೇಗ ತಲುಪುತ್ತದೆ. ಕುಳ್ಳಗಿರುವ ಮಕ್ಕಳಿಗೆ ನಾಯಿ ಕಚ್ಚುವುದು ಹೆಚ್ಚಾಗಿ ಅಲ್ಲೇ. ವೈರಸ್ ಮೆದುಳು ಮುಟ್ಟುವ ಮೊದಲು ಲಸಿಕೆ ಕೆಲಸ ಮಾಡಬೇಕು. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಲಸಿಕೆ ಕೊಡಿಸಿದಾಗ ಗೆದ್ದದ್ದು ಈ ಓಟವನ್ನೇ.

ಈಗ ಲೆಕ್ಕಕ್ಕೆ ಬರೋಣ. ಒಂದು ಹುಚ್ಚು ನಾಯಿ ಸಾಯುವ ಮೊದಲು ಸರಾಸರಿ ಎಷ್ಟು ನಾಯಿಗಳಿಗೆ ರೋಗ ಅಂಟಿಸುತ್ತದೆ? ವಿಜ್ಞಾನಿಗಳು ಹಲವು ದೇಶಗಳಲ್ಲಿ ಲೆಕ್ಕ ಹಾಕಿದ್ದಾರೆ. ಉತ್ತರ, ಎರಡಕ್ಕಿಂತ ಕಡಿಮೆ! ಹಾಗಿದ್ದರೆ ಊರಿನ ನಾಯಿಗಳಲ್ಲಿ ಅರ್ಧದಷ್ಟಕ್ಕೆ ಲಸಿಕೆ ಆಗಿದ್ದರೆ ಒಂದು ಹುಚ್ಚು ನಾಯಿ ಸರಾಸರಿ ಒಂದಕ್ಕೂ ರೋಗ ಅಂಟಿಸಲಾರದು, ಸರಪಳಿ ತುಂಡಾಗುತ್ತದೆ. ಮತ್ತೇಕೆ 100ಕ್ಕೆ 70 ನಾಯಿಗಳಿಗೆ ಲಸಿಕೆ ಹಾಕಬೇಕು, ಅದೂ ಪ್ರತಿ ವರ್ಷ ಎನ್ನುತ್ತಾರೆ?

ಚೆನ್ನೆಮಣೆ ಆಡುವ ಮನೆಯಲ್ಲಿ ಮಂಜೊಟ್ಟಿ ಕಾಳುಗಳಿರುತ್ತವೆ. 70 ಮಂಜೊಟ್ಟಿ, 30 ಹುಣಸೆ ಬೀಜ ಒಂದು ಚೀಲಕ್ಕೆ ಹಾಕಿ. ಮಂಜೊಟ್ಟಿ ಲಸಿಕೆ ಆದ ನಾಯಿ, ಹುಣಸೆ ಬೀಜ ಆಗದ ನಾಯಿ. ಚೆನ್ನಾಗಿ ಕಲಸಿ, ನೋಡದೆ 30 ತೆಗೆಯಿರಿ. ಅವು ಈ ವರ್ಷ ಸತ್ತ ನಾಯಿಗಳು ಎಂದಿಟ್ಟುಕೊಳ್ಳಿ. ಬದಲಿಗೆ 30 ಹುಣಸೆ ಬೀಜ ಹಾಕಿ, ಅವು ಹೊಸ ಮರಿಗಳು. ಈಗ ಮಂಜೊಟ್ಟಿ ಎಣಿಸಿ. 49ರ ಆಸುಪಾಸು ಇರುತ್ತದೆ. ಲಸಿಕೆ ಹಾಕದೆ ಇನ್ನೊಂದು ವರ್ಷ ಕಳೆದರೆ? ಮತ್ತೆ 30 ತೆಗೆದು 30 ಹಾಕಿ. 34ರ ಹತ್ತಿರಕ್ಕೆ ಬಂದಿರುತ್ತದೆ. ಒಂದು ವರ್ಷ ಬಿಟ್ಟದ್ದಕ್ಕೆ ಸರಪಳಿ ಮತ್ತೆ ಕೂಡಿಕೊಳ್ಳುತ್ತದೆ! 30 ಎಂಬುದು ನಾನು ಲೆಕ್ಕಕ್ಕೆ ಹಿಡಿದ ಸಂಖ್ಯೆ, ಆದರೆ ಬೀದಿ ನಾಯಿಯ ಆಯುಷ್ಯ ಗಿಡ್ಡ ಎಂಬುದು ನಿಜ. ಪಶ್ಚಿಮ ಬಂಗಾಳದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಟ್ಟಿದ ಐದು ಮರಿಗಳಲ್ಲಿ ಸುಮಾರು ನಾಲ್ಕು ಏಳು ತಿಂಗಳು ತುಂಬುವ ಮೊದಲೇ ಸತ್ತಿದ್ದವು. ಶಸ್ತ್ರಚಿಕಿತ್ಸೆ ಮಾಡಿದರೆ ಚೀಲಕ್ಕೆ ಬೀಳುವ ಹುಣಸೆ ಬೀಜ ಕಡಿಮೆಯಾಗುತ್ತದೆ, ಲಸಿಕೆ ಹಾಕಿದರೆ ಮಂಜೊಟ್ಟಿ ಹೆಚ್ಚುತ್ತದೆ. ಎರಡೂ ಬೇಕು.

ಇದು ಬರೀ ಚೀಲದ ಆಟವಲ್ಲ. ನಮ್ಮ ಹೆದ್ದಾರಿ 66ರಲ್ಲೇ ಉತ್ತರಕ್ಕೆ ಹೋಗಿ, ಶಿರೂರು, ಭಟ್ಕಳ, ಕಾರವಾರ ದಾಟಿದರೆ ಗೋವಾ. ಅಲ್ಲಿ ಸರಕಾರ ಮತ್ತು ಮಿಷನ್ ರೇಬೀಸ್ ಎಂಬ ಸಂಸ್ಥೆ ಸೇರಿ ವರ್ಷಕ್ಕೆ ಸುಮಾರು ಒಂದು ಲಕ್ಷ ನಾಯಿಗಳಿಗೆ ಲಸಿಕೆ ಹಾಕಿದವು. ತಂಡಗಳು ಬೀದಿ ಬೀದಿ ನಡೆದು, ಲಸಿಕೆ ಹಾಕಿದ ನಾಯಿಗೆ ಬಣ್ಣದ ಗುರುತು ಹಚ್ಚುತ್ತಿದ್ದವು. ಆಮೇಲೆ ಬೇರೆಯವರು ಬಂದು ಗುರುತು ಇರುವವು ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸುತ್ತಿದ್ದರು. 70 ಮುಟ್ಟದಿದ್ದರೆ ಅದೇ ಬೀದಿಗೆ ಮತ್ತೆ ಹೋಗುವುದು. 2014ರಲ್ಲಿ ಹತ್ತಕ್ಕಿಂತ ಹೆಚ್ಚು ಜನ ರೇಬೀಸಿನಿಂದ ಸತ್ತಿದ್ದ ಆ ರಾಜ್ಯದಲ್ಲಿ 2018 ಮತ್ತು 2019ರಲ್ಲಿ ಒಂದೂ ಸಾವು ವರದಿಯಾಗಲಿಲ್ಲ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೂ ಒಂದು ಪಂಚಾಂಗ ಇದೆ ಎನ್ನಬಹುದು. ಜೂನ್, ಜುಲೈ ತಿಂಗಳ ಮಳೆಗೆ ನಾಯಿಗಳು ಶಾಲೆಯ ಜಗಲಿಗೆ, ಬಸ್ ತಂಗುದಾಣಕ್ಕೆ ಬರುತ್ತವೆ. ಯಾಂತ್ರಿಕ ಮೀನುಗಾರಿಕೆಗೆ ಆಗ ರಜೆ, ಹಂಗಾರಕಟ್ಟೆಯ ದಕ್ಕೆಯಲ್ಲೂ ಅವುಗಳಿಗೆ ತಿನಿಸು ಕಡಿಮೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ನಾಯಿಗಳು ಗುಂಪು ಕಟ್ಟುತ್ತವೆ. ಎರಡು ತಿಂಗಳಲ್ಲಿ, ಚಳಿಗಾಲಕ್ಕೆ, ಮೋರಿಯ ಕೆಳಗೆ ಮರಿಗಳು ಕಣ್ಣು ಬಿಡುತ್ತವೆ. ಮರಿ ಇರುವ ತಾಯಿ ಹತ್ತಿರ ಬಂದವರನ್ನು ಬಿಡುವುದಿಲ್ಲ. ಯಕ್ಷಗಾನದ ಆಟ ಮುಗಿಸಿ ರಾತ್ರಿ ನಡೆದು ಬರುವವರಿಗೆ ಇದು ಗೊತ್ತು. ಶಾಲೆಯಿಂದ ಶಾಲೆಗೆ ಸ್ಕೂಟರಿನಲ್ಲಿ ಹೋಗುವ ನನಗೂ ಗೊತ್ತು! ವೇಗ ಹೆಚ್ಚಿಸಿದಷ್ಟೂ ನಾಯಿ ಓಡಿಸಿಕೊಂಡು ಬರುತ್ತದೆ, ನಿಧಾನ ಮಾಡಿದರೆ ನಿಂತುಬಿಡುತ್ತದೆ. ಸೈಕಲ್ಲಿಗೂ ಅದೇ ಉಪಾಯ.

ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಸಾಕು ನಾಯಿಗಳಿಗೆ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ನಮ್ಮಲ್ಲಿ ಮನೆಯ ನಾಯಿಯೂ ತೋಟ, ಗದ್ದೆ, ಬೀದಿ ಎಲ್ಲ ಸುತ್ತಿ ಬರುತ್ತದೆ. ಲಸಿಕೆಯ ಮಟ್ಟಿಗೆ ಅದೂ ಬೀದಿ ನಾಯಿಯೇ.

ಕಳೆದ ಮಳೆಗಾಲದಲ್ಲಿ ಒಂದು ಶಾಲೆಯಲ್ಲಿ ಈ ಪಾಠ ಮುಗಿಸಿ ಹೊರಡುವಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಹಿಂದೆಯೇ ಬಂದು, ತನ್ನ ಗೆಳತಿಗೆ ನಾಯಿಮರಿ ಕಚ್ಚಿ ನಾಲ್ಕು ದಿನವಾಯಿತು, ಮನೆಯಲ್ಲಿ ಬೈಯುತ್ತಾರೆಂದು ಹೇಳಿಲ್ಲ ಎಂದಳು. ಗೆಳತಿ ಲಂಗದಿಂದ ಕಾಲು ಮುಚ್ಚಿಕೊಂಡು ನಿಂತಿದ್ದಳು. ಗಾಯ ಸಾಸಿವೆಯಷ್ಟೇ ಇತ್ತು. ಮುಖ್ಯೋಪಾಧ್ಯಾಯರು ಮನೆಯವರನ್ನು ಕರೆಸಿದರು, ಯಾರೂ ಬೈಯಲಿಲ್ಲ, ಸಂಜೆಯೊಳಗೆ ಮೊದಲ ಚುಚ್ಚುಮದ್ದು ಆಯಿತು. ಹೇಳಿಬಿಟ್ಟ ಆ ಗೆಳತಿಯನ್ನು ನಾನು ಮರೆತಿಲ್ಲ.

ಕಚ್ಚಿದರೆ, ಪರಚಿದರೆ, ಗಾಯವಿರುವಲ್ಲಿ ನೆಕ್ಕಿದರೆ ಕೂಡಲೇ ನಳ್ಳಿಯ ಕೆಳಗೆ ಹಿಡಿದು, ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸಾಬೂನು ಈ ವೈರಸ್ಸಿನ ಹೊರಪೊರೆಯನ್ನು ಒಡೆಯುತ್ತದೆ. ನಳ್ಳಿ ಇಲ್ಲದಿದ್ದರೆ ಬಾವಿ ನೀರನ್ನು ಕೊಡಪಾನದಿಂದ ಸುರಿಯುತ್ತಿರಲಿ. ಸುಣ್ಣ, ಅರಸಿನ, ಕಾಫಿಪುಡಿ ಏನೂ ಬೇಡ, ಗಾಯ ಕಟ್ಟುವುದೂ ಬೇಡ. ಆಮೇಲೆ ಸರಕಾರಿ ಆಸ್ಪತ್ರೆ. ಲಸಿಕೆಗೆ ಅಲ್ಲಿ ಹಣ ಕೊಡಬೇಕಿಲ್ಲ. ಮೊದಲು ಹೋದ ದಿನವನ್ನು ಸೊನ್ನೆ ಎಂದು ಎಣಿಸಿ, ಚರ್ಮಕ್ಕೆ ಕೊಡುವ ಲಸಿಕೆಯಾದರೆ 3, 7, 28ನೆಯ ದಿನ ಮತ್ತೆ ಹೋಗಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದನ್ನೂ ಕೊಡುತ್ತಾರೆ. ಅಜ್ಜ ಅಜ್ಜಿ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂದು ಹೆದರಿಸಬಹುದು. ಅವರ ಕಾಲದಲ್ಲಿ ಅದು ನಿಜವೇ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು.

ಕಚ್ಚಿದ ನಾಯಿಯ ಕಿವಿಯಲ್ಲಿ ಕಚ್ಚು ಇದ್ದರೆ? ಆಗಲೂ ಆಸ್ಪತ್ರೆಗೆ ಹೋಗಲೇಬೇಕು. ಒಮ್ಮೆ ಲಸಿಕೆ ಆಗಿದೆ ಎಂದು ಕಿವಿ ಹೇಳುತ್ತದೆ, ಯಾವ ವರ್ಷ ಎಂದು ಹೇಳುವುದಿಲ್ಲ.

ಇನ್ನೊಂದು ಮಾತನ್ನು ಮನೆಯಲ್ಲಿ ಹೇಳಿ. ಹಟ್ಟಿಯ ದನ ಜೊಲ್ಲು ಸುರಿಸುತ್ತ, ನುಂಗಲಾರದೆ, ವಿಚಿತ್ರವಾಗಿ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುವವರಿದ್ದಾರೆ. ಹುಚ್ಚು ನಾಯಿ ಕಚ್ಚಿದ ದನವೂ ಹಾಗೆಯೇ ಮಾಡುತ್ತದೆ. ಕೈ ಹಾಕದೆ ಪಶುವೈದ್ಯರನ್ನು ಕರೆಯಿರಿ.

ಈಗ ಪುಸ್ತಕದಲ್ಲಿ ಮೂರು ಅಂಕಣ ಹಾಕಿಕೊಳ್ಳಿ: ಕಚ್ಚು ಇರುವ ನಾಯಿ, ಇಲ್ಲದ ನಾಯಿ, ದೂರದಿಂದ ತಿಳಿಯದ ನಾಯಿ. ಒಂದು ವಾರ, ಶಾಲೆಗೆ ಬರುವ ದಾರಿಯಲ್ಲಿ, ಜೊತೆಯವರೊಂದಿಗೆ, ದೂರದಿಂದಲೇ ಎಣಿಸಿ. ಒಂದೇ ನಾಯಿಯನ್ನು ಎರಡು ಸಲ ಎಣಿಸದಂತೆ ಬಣ್ಣ, ಬಾಲ ಬರೆದಿಟ್ಟುಕೊಳ್ಳಿ. 100ಕ್ಕೆ ಎಷ್ಟಾಯಿತೆಂದು ಲೆಕ್ಕ ಮಾಡಿ, ಹಾಳೆಯನ್ನು ನಿಮ್ಮ ಗುರುಗಳ ಸಹಿಯೊಂದಿಗೆ ಪಂಚಾಯತ್ ಕಚೇರಿಗೆ ಕೊಟ್ಟು ಬನ್ನಿ.