ಧನ್ಯವಾದ ಬಾಯಿಪಾಠವಾಗದಿರಲಿ

ಪ್ರಾಥಮಿಕ ಶಾಲೆಯ ಮೇಷ್ಟ್ರೇ, ಮೇಡಂ ಅವರೇ, ಮಕ್ಕಳಿಗೆ ಕೃತಜ್ಞತೆ ಕಲಿಸಬೇಕೆಂಬ ನಿಮ್ಮ ಆಸೆ ದೊಡ್ಡದು. ಆದರೆ ಬೋರ್ಡಿನ ಮೇಲೆ ಒಂದು ಧನ್ಯವಾದ ಪತ್ರ ಬರೆದು ಇಡೀ ತರಗತಿಯಿಂದ ನಕಲು ಮಾಡಿಸಬೇಡಿ. ಅದು ಕಾಪಿ ಬರೆದಂತಾದೀತು, ಅಷ್ಟೇ. ಮೊದಲು ಮಕ್ಕಳನ್ನು ಶಾಲೆಯ ಅಡುಗೆಕೋಣೆಯ ಬಾಗಿಲಿಗೆ ಕರೆದೊಯ್ಯಿರಿ. ಬಿಸಿಯೂಟದ ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು, ಸಾಂಬಾರಿನ ಪಾತ್ರೆ ಇಳಿಸಲು ಇಬ್ಬರು ಕೈಹಾಕುವುದನ್ನು ದೂರ ನಿಂತು ನೋಡಲಿ. ಆಮೇಲೆ ತಮ್ಮದೇ ಮಾತಲ್ಲಿ ಒಂದು ಸಾಲು ಬರೆಯಲಿ. ಕಾಗುಣಿತ ತಪ್ಪಿದರೂ ಕೆಂಪು ಶಾಯಿ ಬೇಡ. ಕೃತಜ್ಞತೆ ಕೆಲಸದಲ್ಲೂ ಕಾಣಲಿ: ಊಟದ ಜಾಗ ಗುಡಿಸುವ, ಗಿಡಕ್ಕೆ ನೀರು ಹಾಕುವ ಪಾಳಿ ಹುಡುಗರಿಗೂ ಬರಲಿ, ಹುಡುಗಿಯರಿಗಷ್ಟೇ ಅಲ್ಲ.

ಇನ್ನೊಂದು ಮಾತು. ನೋಟ್‌ಬುಕ್ ಕೊಟ್ಟ ದಾನಿಯ ಮುಂದೆ ಬಡ ಮಕ್ಕಳಿಂದ ಕೈಮುಗಿಸಿ ಫೋಟೊ ತೆಗೆಸಬೇಡಿ, ದಯವಿಟ್ಟು. ಬಿಸಿಯೂಟವನ್ನೂ ಉಪಕಾರವೆಂದು ಹೇಳಬೇಡಿ. ಅದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಕ್ಕಳಿಗೆ ಕೊಟ್ಟ ಹಕ್ಕು.