ಗುಂಡಿನ ವೇಗದಲ್ಲಿ ಏರಿಳಿತ

ಅದೇ ರೈಫಲ್ಲು, ಅದೇ ಗುರಿಕಾರ, ಅದೇ ಗುರಿ. ಆದರೂ ಒಂದರ ಹಿಂದೊಂದು ಹಾರಿಸಿದ ಗುಂಡುಗಳು ಒಂದೇ ರಂಧ್ರವನ್ನು ಹೊಗುವುದಿಲ್ಲ. ಕೋವಿಯನ್ನು ಭಾರವಾದ ಚೌಕಟ್ಟಿಗೆ ಬಿಗಿದು ಹಾರಿಸಿದರೂ ಅವು ಚದರುತ್ತವೆ. ಇದಕ್ಕಿರುವ ಹಲವು ಕಾರಣಗಳಲ್ಲಿ ಒಂದನ್ನು, ಎಂದರೆ ನಳಿಗೆಯಿಂದ ಹೊರಬೀಳುವಾಗ ಗುಂಡಿನ ವೇಗವು ಪ್ರತಿಸಲವೂ ಒಂದೇ ಆಗಿರದಿರುವುದನ್ನು, ಇಲ್ಲಿ ವಿಚಾರಿಸೋಣ.

ಅಮೆರಿಕದಲ್ಲಿ ಗುರಿಸ್ಪರ್ಧೆಗಳಿಗೆ ಹೋಗುವವರು ಅನೇಕರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ, ನಮಗೆ ಇದು ಕಾಗದ ಪೆನ್ಸಿಲುಗಳ ಲೆಕ್ಕ ಮಾತ್ರ.) ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿಯೆಬ್ಬಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇಷ್ಟೇ ತೋಟಾ. ಮದ್ದನ್ನು ತೂಗುವ ಮಾನ ಗ್ರೇನ್. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು ಎನ್ನಬಹುದು.

ವೇಗದ ಸಣ್ಣ ವ್ಯತ್ಯಾಸದಿಂದ ಆಗುವ ಕೆಡುಕೆಷ್ಟು? ಗುಂಡು ಸೆಕೆಂಡಿಗೆ 800 ಮೀಟರ್ ವೇಗದಿಂದ ಅಡ್ಡಲಾಗಿ ಹೊರಟಿತೆನ್ನಿ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆಯೋಣ. 300 ಮೀಟರ್ ದೂರವನ್ನು ಕ್ರಮಿಸಲು 0.375 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಗುರುತ್ವಕ್ಕೆ ವಶವಾಗಿ 69 ಸೆಂಟಿಮೀಟರ್ ಕೆಳಗಿಳಿಯುತ್ತದೆ. ವೇಗ 790 ಆದರೆ ಇಳಿತ 70.7 ಸೆಂಟಿಮೀಟರ್. ವ್ಯತ್ಯಾಸ ಎರಡು ಸೆಂಟಿಮೀಟರಿಗಿಂತ ಕಡಿಮೆ, ನಿರ್ಲಕ್ಷಿಸಬಹುದಲ್ಲವೆ ಎನಿಸುತ್ತದೆ. ಆದರೆ ಇಳಿತವು ದೂರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 900 ಮೀಟರಿನಲ್ಲಿ ಅದೇ ವ್ಯತ್ಯಾಸ ಒಂಬತ್ತು ಪಟ್ಟು, ಎಂದರೆ ಸುಮಾರು 16 ಸೆಂಟಿಮೀಟರ್ ಆಗುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಹೆಚ್ಚು. ದೂರದ ಗುರಿಕಾರನು ಕೂದಲು ಸೀಳುವಂತೆ ಮದ್ದನ್ನು ತೂಗುವುದು ಇದಕ್ಕಾಗಿ.

ವೇಗವನ್ನು ಅಳೆಯುವ ಬಗೆ ಹೇಗೆ? 1742ರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನು ಇದಕ್ಕೊಂದು ಲೋಲಕದ ಉಪಾಯವನ್ನು ಪ್ರಕಟಿಸಿದನು. (ಈತನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.) ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಕ್ಕು ನಿಲ್ಲುತ್ತದೆ, ಸಂವೇಗ ನಷ್ಟವಾಗದೆ ದಿಮ್ಮಿ ತೂಗುತ್ತದೆ. 10 ಗ್ರಾಂ ಗುಂಡು 800 ಮೀಟರ್ ವೇಗದಿಂದ 10 ಕಿಲೋಗ್ರಾಂ ದಿಮ್ಮಿಗೆ ಬಡಿದರೆ, ದಿಮ್ಮಿಯ ವೇಗ ಸೆಕೆಂಡಿಗೆ 0.8 ಮೀಟರ್, ಏರುವ ಎತ್ತರ 3.26 ಸೆಂಟಿಮೀಟರ್. ಗುಂಡಿನ ವೇಗ ಐದು ಮೀಟರ್ ಹೆಚ್ಚಾದರೆ ಎತ್ತರದಲ್ಲಿ ಬರುವ ಹೆಚ್ಚಳ 0.4 ಮಿಲಿಮೀಟರ್ ಮಾತ್ರ. ಇಂದಿನ ಉಪಕರಣದಲ್ಲಿ ಗುಂಡು ಎರಡು ಬೆಳಕಿನ ಕಣ್ಣುಗಳನ್ನು ದಾಟುವ ಕಾಲವನ್ನು ಅಳೆಯುತ್ತಾರೆ. ಅವುಗಳ ನಡುವೆ ಒಂದು ಮೀಟರ್ ಇದ್ದರೆ 800 ಮತ್ತು 805ರ ನಡುವಣ ಕಾಲವ್ಯತ್ಯಾಸ ಸುಮಾರು 8 ಮೈಕ್ರೋಸೆಕೆಂಡ್. ಈ ಅಂತರವನ್ನು ಅಳೆಯುವಲ್ಲಿ ಒಂದು ಮಿಲಿಮೀಟರ್ ತಪ್ಪಾದರೂ ಚಿಂತೆಯಿಲ್ಲ. ಆ ದೋಷ ಎಲ್ಲ ಗುಂಡುಗಳಿಗೂ ಸಮಾನವಾದ್ದರಿಂದ ಏರಿಳಿತವನ್ನು ಹೆಚ್ಚುಕಡಿಮೆ ಬಾಧಿಸದು.

ಐದು ಗುಂಡುಗಳ ವೇಗ 801, 795, 806, 798, 800 ಎಂದು ಬಂದಿತೆನ್ನಿ. ಸರಾಸರಿ 800, ವಿಚಲನೆಗಳ ವರ್ಗಗಳ ಮೊತ್ತ 66, ಅದನ್ನು ನಾಲ್ಕರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸುಮಾರು 4. ಗರಿಷ್ಠ ಕನಿಷ್ಠಗಳ ಅಂತರ 11. ಬಹುಮಂದಿ ಗುರಿಕಾರರು ಈ ಅಂತರವನ್ನೇ ಹೇಳಿಕೊಳ್ಳುತ್ತಾರೆ. ಇದರಲ್ಲೊಂದು ಮೋಸವುಂಟು. ಏರಿಳಿತವು ಸಹಜ ವಿತರಣೆಯನ್ನು ಅನುಸರಿಸಿದರೆ, ಮೂರು ಗುಂಡುಗಳಲ್ಲಿ ಸರಾಸರಿಯಾಗಿ ಈ ಅಂತರ ಮಾನಕ ವಿಚಲನೆಯ 1.7ರಷ್ಟು, ಐದರಲ್ಲಿ 2.3ರಷ್ಟು; ಇಪ್ಪತ್ತರಲ್ಲಿ 3.7ರಷ್ಟು. ತೋಟಾಗಳು ಒಂದಿಷ್ಟೂ ಕೆಡದಿದ್ದರೂ, ಹೆಚ್ಚು ಹಾರಿಸಿದವನ ತೋಟಾ ಕೆಟ್ಟದ್ದೆಂದು ತೋರುತ್ತದೆ! ಮೂರು ಗುಂಡು ಹಾರಿಸಿ, ಅವು ಒತ್ತಾಗಿ ಬಿದ್ದುವೆಂದು ಹಿಗ್ಗುವವನು ಅದೃಷ್ಟವನ್ನು ಕೌಶಲವೆಂದು ಭ್ರಮಿಸಿರಬಹುದು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಕಾಲವನ್ನು ಮೂರೇ ಸಲ ಅಳೆದು ಅಂಕಿಗಳು ಹೊಂದಿದುವೆಂದು ಪುಸ್ತಕ ಮುಚ್ಚುವ ವಿದ್ಯಾರ್ಥಿಗಳೂ ಇದೇ ಪಂಗಡದವರು.

ಏರಿಳಿತಕ್ಕೆ ಮೂಲವಾವುದು? ಮದ್ದಿನ ತೂಕ ಒಂದು. ಕೋಶದ ಒಳಗಿನ ಗಾತ್ರ ಮತ್ತೊಂದು. ಗಾತ್ರ ಕಿರಿದಾದರೆ ಒತ್ತಡ ಬೇಗನೆ ಏರುತ್ತದೆ, ಒತ್ತಡ ಏರಿದಂತೆ ಮದ್ದು ಇನ್ನಷ್ಟು ವೇಗವಾಗಿ ಉರಿಯುತ್ತದೆ. (ಕಂಡ ಕಂಡಂತೆ ಮದ್ದು ಹೆಚ್ಚಿಸಿದವರ ಕೋವಿ ಸಿಡಿಯುವುದೂ ಇದರಿಂದಲೇ.) ಕೋಶದ ಕತ್ತು ಗುಂಡನ್ನು ಹಿಡಿದಿರುವ ಬಿಗಿ, ಕೇಪಿನ ಜ್ವಾಲೆ, ಮದ್ದಿನ ಉಷ್ಣತೆ ಇವೂ ಇವೆ.

ಒಂದಕ್ಕೊಂದು ಸಂಬಂಧವಿಲ್ಲದ ಏರಿಳಿತಗಳು ಕೂಡುವ ರೀತಿ ಪೈಥಾಗೊರಸನ ಪ್ರಮೇಯದಂತೆ. ತೂಕದಿಂದ 3, ಉಳಿದೆಲ್ಲ ಕಾರಣಗಳಿಂದ 4 ಬಂದರೆ ಒಟ್ಟು ಏಳಲ್ಲ, ಐದು. ಈಗ ಒಬ್ಬನು ಬೆಲೆಬಾಳುವ ತಕ್ಕಡಿಯನ್ನು ಕೊಂಡು ಮೂರನ್ನು ಒಂದೂವರೆಗೆ ಇಳಿಸಿದನೆನ್ನಿ. ಒಟ್ಟು 4.3 ಆಗುತ್ತದೆ. ಇನ್ನೊಬ್ಬನು ಹಳೆಯ ತಕ್ಕಡಿಯಲ್ಲೇ ತೂಗಿ, ಕೋಶಗಳನ್ನು ಆರಿಸಿ, ಕತ್ತಿನ ಬಿಗಿಯನ್ನು ಸಮಮಾಡಿ ನಾಲ್ಕನ್ನು ಎರಡಕ್ಕೆ ತಂದರೆ ಒಟ್ಟು 3.6. ಮೊದಲನೆಯವನು ಮದ್ದಿನ ತೂಕದ ದೋಷವನ್ನು ಪೂರ್ಣವಾಗಿ ಸೊನ್ನೆ ಮಾಡಿದರೂ ನಾಲ್ಕರಿಂದ ಕೆಳಗಿಳಿಯಲಾರನು.